ಹಾಯ್ ಮೇಡಂ, ಜಾಬ್ ಇದ್ರೆ ಹೇಳಿ

ಕೊನೆ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರಲು ಶುರುವಾಗುತ್ತವೆ. ಕಳಿಸುವವರು ಹೆಚ್ಚಾಗಿ ನಮ್ಮ ಹಾಸನ ಜಿಲ್ಲೆಯ ಹುಡುಗ ಹುಡುಗಿಯರೇ. ನನ್ನ ನಂಬರನ್ನು ಯಾರೋ ಸೋದರತ್ತೆ ಮಗಳು ಕೊಟ್ಟಿರುತ್ತಾಳೆ, ಇಲ್ಲವೇ ಅಮ್ಮನ ಮಹಿಳಾ ಸಂಘದ ಯಾರೋ ಕೊಟ್ಟಿರುತ್ತಾರೆ. ಮೊದಲು 'ಹಾಯ್ ಮೇಡಂ' ಎಂದು ಬರುತ್ತದೆ. ಅಷ್ಟೇ. ಹಾಯ್ ಎಂದರೆ 'ಹೇಗಿದೀರಾ ಮೇಡಂ'. ಚೆನ್ನಾಗಿದ್ದೇನೆ ಎಂದರೆ 'ಊಟ ಆಯ್ತಾ'. ಊಟದ ವಿಚಾರವೂ ಮುಗಿದ ಮೇಲೆ, ಕೆಲವೊಮ್ಮೆ ಮಾರನೇ ದಿನ, ಅಸಲು ವಿಷಯ ಬರುತ್ತದೆ: 'ಯಾವುದಾದ್ರೂ ಜಾಬ್ ಇದ್ರೆ ಹೇಳಿ ಮೇಡಂ.'

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ವಿಭಾಗದಲ್ಲಿದ್ದೇನೆ. ವಾರದ ಕೆಲವು ದಿನ ಹಾಸನದ ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಾಗಾಗಿ ಇಂಥ ಮೆಸೇಜು ನನಗೆ ಎರಡೂ ಕಡೆಯಿಂದ ಅರ್ಥವಾಗುತ್ತದೆ. ಕಳಿಸಿದ ಹುಡುಗನ ಸಂಕೋಚ ಗೊತ್ತು. ಅದನ್ನು ಓದುವವರಿಗೆ ಮುಂದೇನು ಮಾಡಬೇಕೆಂದು ತೋಚುವುದಿಲ್ಲ ಎನ್ನುವುದೂ ಗೊತ್ತು. ದಿನಸಿ ಅಂಗಡಿಗೆ ಹೋಗಿ 'ಏನಾದ್ರೂ ಇದ್ರೆ ಕೊಡಿ' ಎಂದರೆ ಅಂಗಡಿಯವನು ಏನು ಕಟ್ಟಿಕೊಡಬೇಕು? ಹುಡುಗ ಏನು ಓದಿದ್ದಾನೆ, ಯಾವ ಕೆಲಸ ನೋಡುತ್ತಿದ್ದಾನೆ, ಬೆಂಗಳೂರಿಗೆ ಬರುತ್ತಾನಾ, ರಾತ್ರಿ ಪಾಳಿ ಆಗುತ್ತದಾ, ಒಂದೂ ಗೊತ್ತಿಲ್ಲ. ಎಲ್ಲವನ್ನೂ ಒಂದೊಂದಾಗಿ ನಾನೇ ಕೇಳಬೇಕು. ಆಫೀಸಿನ ಕೆಲಸದ ನಡುವೆ ಅಷ್ಟು ಕೇಳುವ ತಾಳ್ಮೆ ಎಷ್ಟು ಜನರಿಗಿರುತ್ತದೆ? 'ಇದ್ರೆ ಹೇಳ್ತೀನಪ್ಪ' ಎಂದು ಬರೆದು ಸುಮ್ಮನಾಗುತ್ತಾರೆ. ಇವನು ಕಾಯುತ್ತಾನೆ. ಆ ಕಡೆಯವರು ಮರೆತಿರುತ್ತಾರೆ.

ಇದಕ್ಕೆ ಇಂಗ್ಲಿಷ್ ಬರದಿರುವುದೇ ಕಾರಣ ಎಂದು ನಮ್ಮ ಊರಿನಲ್ಲಿ ಎಲ್ಲರೂ ನಂಬಿದ್ದಾರೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುತ್ತಾರೆ. ಕಾಲೇಜುಗಳಲ್ಲಿ ಸಾಫ್ಟ್ ಸ್ಕಿಲ್ಸ್ ಹೇಳಿಕೊಡಲು ಬರುವವರು ಟೈ ಕಟ್ಟೋದು, ಕೈ ಕುಲುಕೋದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋದು ಇವನ್ನೇ ಜಾಸ್ತಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಬರೆದರೂ 'ಪ್ಲೀಸ್ ಲೆಟ್ ಮಿ ನೋ ಇಫ್ ದೇರ್ ಈಸ್ ಎನಿ ಓಪನಿಂಗ್' ಎಂಬುದು ಅದೇ 'ಜಾಬ್ ಇದ್ರೆ ಹೇಳಿ'ಯೇ ಅಲ್ವಾ? ನಮ್ಮ ಹುಡುಗರು ಎಡವುತ್ತಿರುವುದು ಭಾಷೆಯಲ್ಲಲ್ಲ, ಕೇಳುವುದರಲ್ಲಿ. ತುಂಬ ದೊಡ್ಡದನ್ನು ಕೇಳುತ್ತಾರೆ, ತುಂಬ ಕಡಿಮೆ ವಿವರ ಕೊಟ್ಟು ಕೇಳುತ್ತಾರೆ.

ತಮಾಷೆ ಏನೆಂದರೆ, ಪರಿಚಯ ಹುಡುಕುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ. ಹಾಸನದಲ್ಲಿ ಬೆಂಗಳೂರಿನ ರೈಲು ಹತ್ತಿ ಕೂತರೆ ಶ್ರವಣಬೆಳಗೊಳ ಬರುವುದರೊಳಗೆ ಪಕ್ಕದವರು 'ಯಾವೂರಾಯ್ತು ನಿಮ್ದು?' ಎಂದು ಕೇಳಿರುತ್ತಾರೆ. ಆಲೂರು ಎಂದರೆ ಆಲೂರಲ್ಲಿ ಯಾವ ಊರು, ಯಾರ ಮನೆ, ಇಂಥ ಮೇಷ್ಟ್ರು ಗೊತ್ತಾ, ಅವರ ತಮ್ಮ ನಮ್ಮ ಭಾವನ ಜೊತೆ ಓದಿದ್ದು, ಹೀಗೆ ಕುಣಿಗಲ್ ದಾಟುವ ಹೊತ್ತಿಗೆ ಒಂದು ಸಂಬಂಧ ಸಿಕ್ಕೇ ಸಿಗುತ್ತದೆ. (ಈ ಮಾರ್ಗದಲ್ಲಿ ನೇರ ರೈಲು ಓಡಲು ಶುರುವಾಗಿದ್ದು 2017ರಲ್ಲಿ. ಅದಕ್ಕೂ ಮೊದಲು ಇದೇ ಮಾತುಕತೆ ಕೆಂಪು ಬಸ್ಸಿನಲ್ಲಿ ನಡೆಯುತ್ತಿತ್ತು.) ಕಾರ್ಪೊರೇಟ್ ಜನ ನೆಟ್‌ವರ್ಕಿಂಗ್ ಎಂದು ಹೆಸರಿಟ್ಟು ತರಬೇತಿ ಕೊಡುವುದೂ ಹೆಚ್ಚು ಕಡಿಮೆ ಇದನ್ನೇ. ಮದುವೆ ಮನೆಯಲ್ಲಿ ಗಂಡು ಹೆಣ್ಣು ಹೊಂದಿಸಲು, ಆಸ್ಪತ್ರೆಯಲ್ಲಿ ಡಾಕ್ಟರ ಪರಿಚಯ ಹಿಡಿಯಲು ಈ ವಿದ್ಯೆ ಸಲೀಸಾಗಿ ಬರುತ್ತದೆ. ಕೆಲಸ ಹುಡುಕುವಾಗ ಮಾತ್ರ ಬಾಯಿ ಕಟ್ಟುತ್ತದೆ.

ಯಾಕೆ? ಒಂದು ಕಾರಣ ಹಂಗು. ಯಾರ ಹಂಗಿನಲ್ಲೂ ಇರಬಾರದು ಎಂದು ಕೇಳುತ್ತಲೇ ಬೆಳೆದ ಮಕ್ಕಳು ಇವರು. ಕೆಲಸಕ್ಕಾಗಿ ಒಬ್ಬರನ್ನು ಕೇಳುವುದೆಂದರೆ ಕೈ ಚಾಚಿದ ಹಾಗೆ, ನಾಳೆ ಅವರ ಮನೆಯವರೆಲ್ಲ 'ನಾವೇ ಕೊಡಿಸಿದ್ದು' ಎನ್ನುತ್ತಾರೆ ಎನ್ನುವ ಅಳುಕು. ಇನ್ನೊಂದು ಕಾರಣ ವಶೀಲಿ. ಪರಿಚಯದಿಂದ ಕೆಲಸ ಎಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಎಂಎಲ್‌ಎ ಲೆಟರು, ಸೂಟ್‌ಕೇಸು. ಹಾಗಾಗಿ ನಿಯತ್ತಿನ ಹುಡುಗರು ಆ ದಾರಿಯೇ ಬೇಡವೆಂದು ಪೋರ್ಟಲ್‌ಗಳಲ್ಲಿ ಅರ್ಜಿ ಹಾಕುತ್ತಾ ಕೂರುತ್ತಾರೆ. ನೂರಾರು ಕಡೆ ಹಾಕುತ್ತಾರೆ. ಒಂದು ಕಡೆಯಿಂದಲೂ ಉತ್ತರ ಬರುವುದಿಲ್ಲ.

'ಯಾರ ಪೈಕಿ?' ಎನ್ನುವ ನಮ್ಮ ಪ್ರಶ್ನೆಯ ಬಗ್ಗೆಯೂ ಹೇಳಿಬಿಡಬೇಕು. ಅದರ ಹಿಂದೆ ಜಾತಿ ಇಣುಕುತ್ತಿರುತ್ತದೆ. ಅದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ನೆಂಟರಲ್ಲಿ ನಾಲ್ಕು ಜನ ಇಂಜಿನಿಯರುಗಳಿರುವ ಮನೆಯ ಹುಡುಗನಿಗೆ ಆ ಪ್ರಶ್ನೆಯಿಂದ ಲಾಭವಾಗಬಹುದು. ಮನೆಯಲ್ಲಿ ಮೊದಲ ಸಲ ಡಿಗ್ರಿ ಮಾಡಿದವಳಿಗೆ, ಅಪ್ಪ ಅಮ್ಮ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿರುವವಳಿಗೆ, ಆ ಪ್ರಶ್ನೆ ಬಾಗಿಲು ಮುಚ್ಚುತ್ತದೆ. ಅಪರಿಚಿತರಿಗೆ ಸರಿಯಾಗಿ ಬರೆಯುವುದನ್ನು ಕಲಿಯಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಇಂಥವರಿಗಾಗಿಯೇ. ನೆಂಟಸ್ತಿಕೆ ಮುಟ್ಟದ ಜಾಗಕ್ಕೆ ಒಳ್ಳೆಯ ಪತ್ರ ಮುಟ್ಟಬಹುದು.

ಪರಿಚಯದಿಂದ ಕೆಲಸ ಸಿಗುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಇದರ ಬಗ್ಗೆ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲೇ ಒಂದು ಪ್ರಬಂಧ ಬರೆದರು. ಬಾಸ್ಟನ್ ಹತ್ತಿರದ ಒಂದು ಊರಿನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಅವರು ಮಾತಾಡಿಸಿದ್ದರು. ಪರಿಚಯದ ಮೂಲಕ ಕೆಲಸ ಸಿಕ್ಕವರಿಗೆ ಆ ಸುದ್ದಿ ಹೇಳಿದ್ದು ಯಾರು? ದಿನಾ ಸಿಗುವ ಆಪ್ತರಲ್ಲ. ಪದೇ ಪದೇ ಭೇಟಿಯಾಗುವವರಿಂದ ಸುದ್ದಿ ಸಿಕ್ಕಿದ್ದು ಶೇ. 16.7ರಷ್ಟು ಜನರಿಗೆ ಮಾತ್ರ. ಅಪರೂಪಕ್ಕೊಮ್ಮೆ ಸಿಗುವವರು, ವರ್ಷಕ್ಕೊಮ್ಮೆಯೂ ಕಾಣದವರು, ಇಂಥವರೇ ಉಳಿದವರಿಗೆಲ್ಲ ದಾರಿ ತೋರಿಸಿದ್ದು. ಸ್ನೇಹಿತರು ಹೇಳಿದರಾ ಎಂದು ಕೇಳಿದರೆ, ಸ್ನೇಹಿತರಲ್ಲ, ಬರೀ ಪರಿಚಯದವರು ಎನ್ನುತ್ತಿದ್ದರಂತೆ. ಯೋಚಿಸಿದರೆ ಸಹಜವೇ. ನಿಮ್ಮ ರೂಮ್‌ಮೇಟಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಇರುವುದು ನಿಮ್ಮ ಗುಂಪಿನ ಹೊರಗಿನವರ ಹತ್ತಿರ.

ಆಗ ಅವರು ಮಾತಾಡಿಸಿದ್ದು ಕಡಿಮೆ ಜನರನ್ನು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಲಿಂಕ್ಡ್‌ಇನ್ ಎಂಬ ಉದ್ಯೋಗ ಸಂಪರ್ಕದ ಜಾಲತಾಣ ಬಳಸುವ 2 ಕೋಟಿ ಜನರ ಮೇಲೆ ಐದು ವರ್ಷ ಇದನ್ನೇ ಪರೀಕ್ಷಿಸಿತು. ಫಲಿತಾಂಶ ಗ್ರಾನೊವೆಟರ್ ಮಾತನ್ನು ಸ್ವಲ್ಪ ತಿದ್ದಿದಂತಿತ್ತು. ತೀರಾ ಅಪರಿಚಿತರೂ ಅಲ್ಲ, ಆಪ್ತರೂ ಅಲ್ಲ, ನಡುವಿನ ಪರಿಚಯದವರಿಂದಲೇ ಹೆಚ್ಚು ಉಪಯೋಗ ಎಂದು ಬಂತು. ಇನ್ನೊಂದು ವಿಷಯ ನನಗೆ ಹಾಸನಕ್ಕೆ ತುಂಬ ಹೊಂದುತ್ತದೆ ಅನ್ನಿಸಿತು: ಸಾಫ್ಟ್‌ವೇರಿನಂಥ ಡಿಜಿಟಲ್ ಉದ್ಯಮಗಳಲ್ಲಿ ದೂರದ ಪರಿಚಯ ಕೆಲಸ ಮಾಡುತ್ತದೆ, ಅಷ್ಟು ಡಿಜಿಟಲ್ ಅಲ್ಲದ ಕಡೆ ಹತ್ತಿರದ ಪರಿಚಯವೇ ಜಾಸ್ತಿ ನಡೆಯುತ್ತದೆ. ಬೆಂಗಳೂರಿನ ಐಟಿ ಕಂಪನಿಗೆ ಲಿಂಕ್ಡ್‌ಇನ್‌ನಲ್ಲಿ ಬರೆಯಬಹುದು. ಬಿ.ಎಂ. ರಸ್ತೆಯ ಆಡಿಟರ್ ಆಫೀಸಿಗೆ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಅದು ನಡೆಯುವುದಿಲ್ಲ. ಅಲ್ಲಿಗೆ ನಿಮ್ಮ ಮೇಷ್ಟ್ರನ್ನು ಕೇಳಿ ಒಂದು ಫೋನ್ ಮಾಡಿಸಿ, ರೆಸ್ಯೂಮೆಯ ಪ್ರಿಂಟ್ ಹಿಡಿದು ನೀವೇ ಹೋಗಬೇಕು. ಬೆಳಿಗ್ಗೆ ಹೋಗಿ. ತೆರಿಗೆ ರಿಟರ್ನ್ ಸಲ್ಲಿಸುವ ಕೊನೆ ದಿನದ ಹತ್ತಿರ ಮಾತ್ರ ಯಾವ ಆಡಿಟರ್ ಆಫೀಸಿಗೂ ಹೋಗಬೇಡಿ.

ಈಗ ಕಂಪನಿಯ ಒಳಗೆ ಏನಾಗುತ್ತದೆ ಎಂದು ಹೇಳುತ್ತೇನೆ. ಯಾಕೆಂದರೆ ಇದು ಗೊತ್ತಾದರೆ ಏನು ಕೇಳಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಸುಮಾರು ದೊಡ್ಡ ಕಂಪನಿಗಳಲ್ಲಿ ರೆಫರಲ್ ಎನ್ನುವ ಪದ್ಧತಿ ಇದೆ. ಕಂಪನಿಯಲ್ಲಿ ಖಾಲಿ ಇರುವ ಪ್ರತಿ ಹುದ್ದೆಗೂ ಒಂದು ಜಾಬ್ ಐಡಿ ಇರುತ್ತದೆ. ಅಲ್ಲಿ ಕೆಲಸ ಮಾಡುವವರು ತಮಗೆ ಗೊತ್ತಿರುವವರ ರೆಸ್ಯೂಮೆಯನ್ನು ಆ ಐಡಿಗೆ ಸೇರಿಸಬಹುದು. ಸೇರಿಸಿದವರ ಹೆಸರು ಅದರ ಜೊತೆ ನಿಲ್ಲುತ್ತದೆ. ಅಭ್ಯರ್ಥಿ ನಿಮಗೆ ಹೇಗೆ ಗೊತ್ತು ಎನ್ನುವ ಪ್ರಶ್ನೆಯೂ ಕೆಲವು ಕಡೆ ಇರುತ್ತದೆ. ಆ ಅಭ್ಯರ್ಥಿ ಸೇರಿ ಕೆಲವು ತಿಂಗಳು ಉಳಿದರೆ ರೆಫರ್ ಮಾಡಿದವರಿಗೆ ಒಂದಿಷ್ಟು ಹಣ ಕೊಡುವ ಕಂಪನಿಗಳೂ ಬಹಳ. ಅಂದರೆ ಇದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ, ಕಂಪನಿಯೇ ಇಟ್ಟಿರುವ ದಾರಿ. ರೆಫರಲ್ ಇದ್ದರೆ ರೆಸ್ಯೂಮೆಯನ್ನು ಒಬ್ಬ ಮನುಷ್ಯ ಓದುವ ಸಾಧ್ಯತೆ ಜಾಸ್ತಿ. ಸಿಗುವುದು ಅಷ್ಟು ಮಾತ್ರ. ಇಂಟರ್‌ವ್ಯೂ ನೀವೇ ದಾಟಬೇಕು. ಹಂಗಿನ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ಹೀಗಿರುವಾಗ ನಿಮ್ಮಿಂದ ಅವರಿಗೆ ಬೇಕಾಗುವುದು ಮೂರು. ಜಾಬ್ ಐಡಿ ಅಥವಾ ಆ ಹುದ್ದೆಯ ಲಿಂಕ್, ರೆಸ್ಯೂಮೆಯ ಪಿಡಿಎಫ್, ಈ ಕೆಲಸಕ್ಕೆ ನೀವು ಯಾಕೆ ಸರಿ ಎನ್ನುವ ಎರಡು ಮೂರು ಸಾಲು. ಈ ಎರಡು ಮೂರು ಸಾಲನ್ನು ಇಂಗ್ಲಿಷಿನಲ್ಲೇ ಕೊಡಿ, ಅವರು ಹಾಗೇ ಎತ್ತಿ ಫಾರ್ಮಿನಲ್ಲಿ ಹಾಕಬಹುದು. ಮಾತುಕತೆ ಕನ್ನಡದಲ್ಲಿದ್ದರೆ ಏನೂ ನಷ್ಟವಿಲ್ಲ. ಕನ್ನಡದವರಿಗೆ ಕನ್ನಡದಲ್ಲೇ ಬರೆದರೆ ಓದುವವರಿಗೂ ಹಿತ. ಇನ್ನೊಂದು ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ನೀವೇ ನೇರವಾಗಿ ಅರ್ಜಿ ಹಾಕಿ ಆಮೇಲೆ ರೆಫರ್ ಮಾಡಿ ಎಂದರೆ ಹಲವು ಕಂಪನಿಗಳ ಸಿಸ್ಟಮ್ಮು ಅದನ್ನು ಒಪ್ಪುವುದಿಲ್ಲ, ಈ ಹೆಸರು ಆಗಲೇ ಇದೆ ಎನ್ನುತ್ತದೆ. ಪರಿಚಯದವರಿದ್ದರೆ ಮೊದಲು ಕೇಳಿ, ಆಮೇಲೆ ಅರ್ಜಿ ಹಾಕಿ.

ಹೋದ ವರ್ಷ ಬಿ.ಕಾಂ ಮುಗಿಸಿದ ಅರಸೀಕೆರೆ ಕಡೆಯ ಒಬ್ಬ ಹುಡುಗಿ ನನಗೆ ಬರೆದಿದ್ದಳು. ಹೆಸರು ಬಿಟ್ಟು ಅದರ ಸಾರವನ್ನು ಇಲ್ಲಿ ಕೊಡುತ್ತೇನೆ:

'ನಮಸ್ಕಾರ ಮೇಡಂ. ನಾನು ಈ ವರ್ಷ ಹಾಸನದಲ್ಲಿ ಬಿ.ಕಾಂ ಮುಗಿಸಿದೆ. ನಿಮ್ಮ ನಂಬರ್ ಕೊಟ್ಟಿದ್ದು ನಮ್ಮ ಕಾಮರ್ಸ್ ಲೆಕ್ಚರರ್. ನಿಮ್ಮ ಕಂಪನಿ ವೆಬ್‌ಸೈಟಿನಲ್ಲಿ ಅಕೌಂಟ್ಸ್ ಪೇಯಬಲ್ ಹುದ್ದೆ ನೋಡಿದೆ, ಲಿಂಕ್ ಕೆಳಗೆ ಹಾಕಿದೀನಿ. ನನಗೆ ಟ್ಯಾಲಿ ಬರುತ್ತೆ. ಒಬ್ಬ ಆಡಿಟರ್ ಹತ್ರ ಆರು ತಿಂಗಳು ಜಿಎಸ್‌ಟಿ ರಿಟರ್ನ್ ಕೆಲಸ ಮಾಡಿದೀನಿ. ಹುದ್ದೆಗೆ ಎಸ್‌ಎಪಿ ಸಾಫ್ಟ್‌ವೇರ್ ಬರಬೇಕು ಅಂತ ಇದೆ. ಫ್ರೆಶರ್‌ಗಳಿಗೂ ಅದು ಕಡ್ಡಾಯನಾ, ಇಲ್ಲ ಸೇರಿದ ಮೇಲೆ ಕಲಿಸ್ತಾರಾ ಅಂತ ತಿಳ್ಕೋಬೇಕಿತ್ತು. ಬಿಡುವಾದಾಗ ಹೇಳಿದ್ರೆ ಸಾಕು.'

ಇದರಲ್ಲಿ ಅವಳು ಕೆಲಸ ಕೇಳಿಯೇ ಇಲ್ಲ, ಗಮನಿಸಿ. ಒಂದೇ ಒಂದು ಪ್ರಶ್ನೆ ಕೇಳಿದ್ದಾಳೆ. ಅದಕ್ಕೆ ನಾನು ಚಹಾ ಕುಡಿಯುತ್ತಲೇ ಉತ್ತರ ಕೊಡಬಹುದು, ಕೊಟ್ಟೆ. ಯಾರು, ಎಲ್ಲಿಂದ, ನಂಬರ್ ಹೇಗೆ ಸಿಕ್ಕಿತು ಎನ್ನುವುದು ಮೊದಲ ಮೂರು ಸಾಲಿನಲ್ಲೇ ಬಂದಿದೆ. ಅವಳು ಹುದ್ದೆಯ ವಿವರವನ್ನು ಪೂರ್ತಿ ಓದಿದ್ದಾಳೆ ಎನ್ನುವುದು ಎಸ್‌ಎಪಿ ವಿಷಯ ಎತ್ತಿದ್ದರಿಂದಲೇ ಗೊತ್ತಾಗುತ್ತದೆ. ತನಗೆ ಬರುವುದನ್ನೂ ಬಾರದಿರುವುದನ್ನೂ ಎರಡನ್ನೂ ಹೇಳಿದ್ದಾಳೆ. 'ಬಡ ಕುಟುಂಬ, ಹೇಗಾದರೂ ಸಹಾಯ ಮಾಡಿ' ಎನ್ನುವ ಮಾತಿಲ್ಲ. ಕಷ್ಟ ಇರಬಹುದು, ಇದ್ದೇ ಇರುತ್ತದೆ. ಆದರೆ ಮೊದಲ ಪತ್ರದಲ್ಲೇ ಅದನ್ನು ಹೇಳಿದರೆ ಓದಿದವರಿಗೆ ಮರುಕ ಹುಟ್ಟುತ್ತದೆ ಹೊರತು ಇವಳಿಗೆ ಕೆಲಸ ಬರುತ್ತದೆ ಎನ್ನುವ ನಂಬಿಕೆ ಹುಟ್ಟುವುದಿಲ್ಲ. ಇಂಥ ಪ್ರಶ್ನೆಗೆ ಉತ್ತರಿಸಿದವರು ನಂತರ ತಾವಾಗಿಯೇ 'ರೆಸ್ಯೂಮೆ ಕಳಿಸಮ್ಮ' ಎನ್ನುತ್ತಾರೆ. ನಾನೂ ಅದನ್ನೇ ಹೇಳಿದೆ.

ಸಣ್ಣದು ಕೇಳಿ ಎನ್ನುವುದು ಇದಕ್ಕೇ. 'ನಿಮ್ಮ ಕಂಪನಿಯಲ್ಲಿ ಫ್ರೆಶರ್‌ಗಳಿಗೆ ಮೊದಲ ರೌಂಡ್ ಹೇಗಿರುತ್ತೆ?' 'ಟೆಸ್ಟಿಂಗ್ ಕಲಿತರೆ ಒಳ್ಳೆಯದಾ, ಸಪೋರ್ಟ್ ಕೆಲಸಕ್ಕೆ ಸೇರಿದರೆ ಒಳ್ಳೆಯದಾ?' 'ನೀವು ಮೆಕ್ಯಾನಿಕಲ್ ಓದಿ ಈ ಕಡೆ ಬಂದಿದ್ದು ಹೇಗೆ?' ಮೂರನೆಯದನ್ನು ಕೇಳಿದರೆ ಯಾರಾದರೂ ಅರ್ಧ ಗಂಟೆ ಮಾತಾಡುತ್ತಾರೆ. ತನ್ನ ಕಥೆ ಹೇಳಿಕೊಳ್ಳಲು ಯಾರಿಗೆ ಇಷ್ಟವಿಲ್ಲ?

ಯಾರನ್ನು ಕೇಳಬೇಕು ಎಂದರೆ ನನ್ನ ಮೊದಲ ಉತ್ತರ: ನಿಮಗಿಂತ ಒಂದೆರಡು ವರ್ಷ ಮುಂದಿರುವ ಸೀನಿಯರ್‌ಗಳನ್ನು. ವೈಸ್ ಪ್ರೆಸಿಡೆಂಟ್ ಆದವರಿಗೆ ಬರೆದರೆ ಹೆಮ್ಮೆ ಅನ್ನಿಸಬಹುದು, ಆದರೆ ಅವರಿಗೆ ಫ್ರೆಶರ್ ಇಂಟರ್‌ವ್ಯೂ ಹೇಗಿರುತ್ತದೆ ಎಂಬುದೇ ಮರೆತಿರುತ್ತದೆ. ಹೋದ ವರ್ಷ ಸೇರಿದವರಿಗೆ ಕೇಳಿದ ಪ್ರಶ್ನೆಗಳೆಲ್ಲ ನೆನಪಿರುತ್ತವೆ. ಹಾಸನಕ್ಕೆ ಈ ವಿಷಯದಲ್ಲಿ ಒಳ್ಳೆಯ ಆಸ್ತಿಯೇ ಇದೆ. ಸಾಲಗಾಮೆ ರಸ್ತೆಯ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1960ರಲ್ಲಿ. ಅಲ್ಲಿ ಓದಿದವರು ಇಲ್ಲದ ದೊಡ್ಡ ಕಂಪನಿ ಹುಡುಕುವುದೇ ಕಷ್ಟ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದವರ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇಲ್ಲೇ ಇದೆ, ಅಲ್ಲಿನವರ ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಓದಿರಬಹುದು. ಆ ಕಡೆ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರವಿದೆ, 1925ರಷ್ಟು ಹಳೆಯದು. ಬಿ.ಎಸ್ಸಿ ಮುಗಿಸಿ 'ನಮ್ಮ ಓದಿಗೆ ಊರಲ್ಲಿ ಏನೂ ಇಲ್ಲ' ಎನ್ನುವ ಹುಡುಗರು ಒಮ್ಮೆ ಅಂಥ ಕಡೆ ಕೆಲಸ ಮಾಡುವವರನ್ನು ಮಾತಾಡಿಸಿ ನೋಡಬೇಕು. ಕೆಲಸ ಕೊಡಿ ಎನ್ನಲು ಅಲ್ಲ. ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ, ಕಾಫಿಯ ರುಚಿ ನೋಡಿ ಅಂಕ ಕೊಡುವ ಕಪ್ಪಿಂಗ್ ಎನ್ನುವ ಕೆಲಸವನ್ನು ಕಲಿಯುವುದು ಹೇಗೆ ಎಂದು ಕೇಳಲು.

ಲಿಂಕ್ಡ್‌ಇನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರೊಫೈಲ್ ಇರಲಿ, ಮುಖ ಕಾಣುವ ಫೋಟೋ ಇರಲಿ, ಮದುವೆ ಫೋಟೋದಿಂದ ಕತ್ತರಿಸಿದ್ದು ಬೇಡ. ಅಲ್ಲಿ ಜನ ಬರೆಯುವ ಉದ್ದುದ್ದ ಸ್ಫೂರ್ತಿಯ ಕಥೆಗಳನ್ನು ನೀವೂ ಬರೆಯಬೇಕಾಗಿಲ್ಲ. ಪರಿಚಯ ಕೋರುವಾಗ ಒಂದು ಸಾಲು ಬರೆಯಿರಿ. ಖಾಲಿ ಕಳಿಸಬೇಡಿ.

ಇಮೇಲ್ ಬರೆಯುವುದು ಹೊಸ ವಿದ್ಯೆಯೇನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಮೇಷ್ಟ್ರು ಕಲಿಸಿದ ಪತ್ರಲೇಖನದಲ್ಲೇ ಮುಕ್ಕಾಲು ಪಾಲು ಇದೆ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಒಕ್ಕಣೆ, ಇಂತಿ. ಐದು ಅಂಕಕ್ಕಾಗಿ ಬಾಯಿಪಾಠ ಮಾಡಿದ ಆ 'ವಿಷಯ' ಎಂಬ ಸಾಲನ್ನು ಇಮೇಲಿಗೆ ಬಂದ ಕೂಡಲೇ ಖಾಲಿ ಬಿಡುತ್ತಾರೆ! ನನ್ನ ಇನ್‌ಬಾಕ್ಸಿನಲ್ಲಿ ವಿಷಯವೇ ಇಲ್ಲದ ಮೇಲ್‌ಗಳು ಎಷ್ಟೋ ಬರುತ್ತವೆ. ಇನ್ನು ಕೆಲವದರಲ್ಲಿ ಬರೀ 'ರೆಸ್ಯೂಮೆ' ಎಂದಿರುತ್ತದೆ. ಯಾವ ಹುದ್ದೆ, ನಿಮ್ಮ ಹೆಸರು, ಓದು, ಇಷ್ಟು ಆ ಸಾಲಿನಲ್ಲೇ ಇದ್ದರೆ ಮುಂದಿನ ತಿಂಗಳು ಹುಡುಕಿದಾಗಲೂ ಸಿಗುತ್ತದೆ. ಫೈಲಿನ ಹೆಸರೂ ಹಾಗೇ. 'ರೆಸ್ಯೂಮೆ ಫೈನಲ್ ನ್ಯೂ 2' ಎನ್ನುವ ಹೆಸರಿನ ಫೈಲುಗಳೇ ಒಂದು ರಾಶಿ ಬಿದ್ದಿರುತ್ತವೆ. ಫೈಲಿಗೆ ನಿಮ್ಮ ಹೆಸರಿಡಿ. ಮೇಲ್ ಬಾಡಿಯಲ್ಲಿ ನಾಲ್ಕು ಸಾಲಾದರೂ ಬರೆಯಿರಿ. ಪಿಯುಸಿಯಲ್ಲಿ ಮಾಡಿಕೊಂಡ 'ಹಾಸನ್ ಟೈಗರ್ 99' ಥರದ ಇಮೇಲ್ ಐಡಿಯನ್ನು ಗೆಳೆಯರಿಗೆ ಇಟ್ಟುಕೊಳ್ಳಿ. ಕೆಲಸಕ್ಕೆ ಬೇರೆಯದೊಂದು ಮಾಡಿಕೊಳ್ಳಿ, ಪುಕ್ಕಟೆ ಸಿಗುತ್ತದೆ.

ಬಿಡಬೇಕಾದದ್ದೂ ಇದೆ. 'ಯುವರ್ ಮೋಸ್ಟ್ ಒಬೀಡಿಯಂಟ್' ಎನ್ನುವುದನ್ನೆಲ್ಲ ಬಿಡಬಹುದು. 'ರೆಸ್ಪೆಕ್ಟೆಡ್ ಸರ್' ಎಂದರೆ ನನಗೇನೂ ಬೇಸರವಿಲ್ಲ, ಅದನ್ನು ನೋಡಿ ನಗುವವರ ಬಗ್ಗೆಯೇ ಬೇಸರ. ಆದರೆ ಓದುವವರು ಮೇಡಂ ಎಂದು ಗೊತ್ತಿದ್ದೂ 'ಸರ್/ಮೇಡಂ' ಎಂದು ಬರೆದರೆ, ನೂರು ಜನಕ್ಕೆ ಕಳಿಸಿದ್ದನ್ನೇ ನನಗೂ ಕಳಿಸಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. ಇನ್ನೂರು ಕಂಪನಿಗಳ ವಿಳಾಸವನ್ನು ಒಂದೇ ಸಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ ಕಳಿಸಿದ ಮೇಲ್‌ಗಳನ್ನೂ ನೋಡಿದ್ದೇನೆ. ಅದನ್ನು ಯಾರೂ ತೆರೆಯುವುದಿಲ್ಲ.

ರೆಸ್ಯೂಮೆಯಲ್ಲಿ ತಂದೆಯ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಕೊನೆಗೆ 'ಮೇಲಿನದೆಲ್ಲ ಸತ್ಯ' ಎಂಬ ಪ್ರಮಾಣ, ಇವೆಲ್ಲ ಹಳೆಯ ಬಯೋಡೇಟಾದಿಂದ ಉಳಿದುಕೊಂಡವು. ಹೆಚ್ಚಿನ ಖಾಸಗಿ ಕಂಪನಿಗಳು ರೆಸ್ಯೂಮೆಯಲ್ಲಿ ಇವನ್ನು ಕೇಳುವುದಿಲ್ಲ. ಆಧಾರ್ ನಂಬರಂತೂ ಹಾಕಲೇಬೇಡಿ. ಎರಡು ಕಾಲಂ, ಬಣ್ಣ, ಚಿತ್ರ ಇರುವ ಚಂದದ ಟೆಂಪ್ಲೇಟುಗಳನ್ನು ಹುಡುಗರು ಇಷ್ಟಪಡುತ್ತಾರೆ. ಆದರೆ ದೊಡ್ಡ ಕಂಪನಿಗಳಲ್ಲಿ ಮೊದಲು ಓದುವುದು ಸಾಫ್ಟ್‌ವೇರ್. ಅದಕ್ಕೆ ಆ ಕಾಲಂಗಳು ಒಂದಕ್ಕೊಂದು ಬೆರೆತು ಕಾಣುವುದುಂಟು. ಸಾದಾ ಒಂದು ಪುಟ ಸಾಕು.

ನಮ್ಮ ಕಡೆಯವರಿಗೆ ಹೆಸರಿನದ್ದೇ ಒಂದು ತಾಪತ್ರಯ. ನಮಗೆ ಇರುವುದು ಇನಿಷಿಯಲ್. ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ. ಫಾರ್ಮ್ ಕೇಳುವುದು ಲಾಸ್ಟ್ ನೇಮ್. ಒಂದು ಕಡೆ ಇನಿಷಿಯಲ್ ಹಾಕುತ್ತಾರೆ, ಇನ್ನೊಂದು ಕಡೆ ಗೌಡ ಸೇರಿಸುತ್ತಾರೆ, ಲಿಂಕ್ಡ್‌ಇನ್‌ನಲ್ಲಿ ಅಡ್ಡಹೆಸರು ಬರುತ್ತದೆ, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೇ ಬಂದಿರುತ್ತದೆ. ಕೆಲಸ ಸಿಕ್ಕ ಮೇಲೆ ದಾಖಲೆ ಪರಿಶೀಲಿಸುವವರು ಇವರೆಲ್ಲ ಒಬ್ಬರೇನಾ ಎಂದು ಕೇಳುತ್ತಾರೆ. ಆಮೇಲೆ ಅಫಿಡವಿಟ್ ಮಾಡಿಸಲು ನೋಟರಿ ಹುಡುಕಿಕೊಂಡು ಹೋಗಬೇಕು. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ರೆಸ್ಯೂಮೆಯಲ್ಲೂ ಇರಲಿ. ಪ್ಯಾನ್, ಆಧಾರ್ ಬೇರೆಯಾಗಿದ್ದರೆ ಕೆಲಸ ಹುಡುಕುವ ಮೊದಲೇ ಸರಿ ಮಾಡಿಸಿಕೊಳ್ಳಿ.

ಫೋನಿನ ವಿಷಯ. ಎಚ್‌ಆರ್ ಫೋನ್ ಯಾವಾಗ ಬರುತ್ತದೆಂದು ಹೇಳಲಾಗುವುದಿಲ್ಲ, ನೀವು ಆಗ ಸಕಲೇಶಪುರದ ಆಚೆ ತೋಟದಲ್ಲಿರಬಹುದು, ಬಸ್ಸಿನಲ್ಲಿ ನಿಂತಿರಬಹುದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. 'ಹಲೋ ಹಲೋ ಕೇಳಿಸ್ತಿಲ್ಲ' ಎನ್ನುತ್ತಾ ಇಂಟರ್‌ವ್ಯೂ ಕೊಡುವ ಬದಲು, 'ಮೇಡಂ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ, ನಾಲ್ಕು ಗಂಟೆಗೆ ನಾನೇ ಫೋನ್ ಮಾಡಲಾ?' ಎಂದು ಕೇಳಿ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಮಾಡಬೇಕು, ಅಷ್ಟೇ. ಅಪ್ಪನ ನಂಬರ್ ಕೊಟ್ಟಿದ್ದರೆ ಅಪ್ಪನಿಗೆ ಮೊದಲೇ ಹೇಳಿಡಿ. ಇಂಟರ್‌ವ್ಯೂಗೆ ಕರೆಯಲು ಫೋನ್ ಮಾಡಿ, 'ಅವ್ನು ಗದ್ದೆ ಕಡೆ ಹೋಗವ್ನೆ, ನೀವ್ಯಾರು?' ಎಂದು ಕೇಳಿಸಿಕೊಂಡು, ಕಂಪನಿ ಏನು, ಕೆಲಸ ಏನು, ಸಂಬಳ ಎಷ್ಟು ಎಂದು ಆ ತಂದೆಗೆ ಹತ್ತು ನಿಮಿಷ ವಿವರಿಸಿದ್ದೂ ಇದೆ. ನನಗದು ಖುಷಿಯ ಮಾತುಕತೆಯೇ ಆಗಿತ್ತು. ಆದರೆ ಎಲ್ಲ ಎಚ್‌ಆರ್‌ಗಳೂ ಹಾಸನದವರಲ್ಲವಲ್ಲ.

ಬರೆದ ಮೇಲೆ ಉತ್ತರ ಬರದಿದ್ದರೆ? ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ. ಹಳೆಯ ಮೆಸೇಜಿನ ಕೆಳಗೇ ಬರೆಯಿರಿ, ಅವರು ಮೇಲೆ ನೋಡಿದರೆ ಎಲ್ಲ ಸಿಗಬೇಕು. ಬರೀ ಪ್ರಶ್ನಾರ್ಥಕ ಚಿಹ್ನೆ ಕಳಿಸುವುದು, ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸಿ ಜ್ಞಾಪಿಸುವುದು ಬೇಡ. ಎರಡನೇ ಸಲವೂ ಉತ್ತರವಿಲ್ಲದಿದ್ದರೆ ಬಿಟ್ಟುಬಿಡಿ, ಬೇರೆಯವರನ್ನು ನೋಡಿ. ಅದನ್ನು ಅವಮಾನ ಎಂದುಕೊಳ್ಳಬೇಡಿ.

ಉತ್ತರ ಬಂದವರಿಗೆ ಆಮೇಲೆ ಏನಾಯಿತು ಎಂದು ಹೇಳುವುದಿದೆಯಲ್ಲ, ಅದನ್ನು ಹತ್ತರಲ್ಲಿ ಒಬ್ಬರೂ ಮಾಡುವುದಿಲ್ಲ ಅನ್ನಿಸುತ್ತದೆ. ಕೆಲಸ ಸಿಕ್ಕರೆ ಸ್ಟೇಟಸ್ಸಿನಲ್ಲಿ ಹಾಕುತ್ತಾರೆ, ದಾರಿ ಹೇಳಿದವರಿಗೆ ಹೇಳುವುದಿಲ್ಲ. ಸಿಗದಿದ್ದರೆ ನಾಚಿಕೊಂಡು ಸುಮ್ಮನಾಗುತ್ತಾರೆ. ನಿಜ ಹೇಳಬೇಕೆಂದರೆ ಸಿಗದಿದ್ದಾಗಲೇ ಹೇಳಬೇಕು. 'ಎರಡನೇ ರೌಂಡಿನಲ್ಲಿ ಹೋಯ್ತು ಮೇಡಂ, ಎಕ್ಸೆಲ್ ಜಾಸ್ತಿ ಕೇಳಿದ್ರು' ಎಂದರೆ, ಎಕ್ಸೆಲ್ ಕಲಿಯಲು ಏನು ಮಾಡಬೇಕೆಂದು ನಾನು ಹೇಳಬಹುದು, ಎಕ್ಸೆಲ್ ಅಷ್ಟು ಬೇಡದ ಇನ್ನೊಂದು ಕಡೆ ನೆನಪಿಸಿಕೊಳ್ಳಬಹುದು. ಬರೀ ಪರಿಚಯವಾಗಿದ್ದದ್ದು ಅಲ್ಲಿಂದ ಗಟ್ಟಿಯಾಗುತ್ತದೆ.

ಪರಿಚಯದ ಹೆಸರಿನಲ್ಲಿ ಮೋಸವೂ ಬಹಳ ನಡೆಯುತ್ತಿದೆ. ದೊಡ್ಡ ಕಂಪನಿಯ ಹೆಸರು, ಲೋಗೋ ಇರುವ ಆಫರ್ ಲೆಟರ್ ವಾಟ್ಸ್‌ಆ್ಯಪಿಗೆ ಬರುತ್ತದೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಡಿಪಾಸಿಟ್ ಎಂದು ಹಣ ಕೇಳುತ್ತಾರೆ. ಕೆಲಸ ಕೊಡುವವರು ನಿಮ್ಮಿಂದ ಹಣ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳಿದರೆ ಹಣ ತಡೆಯುವ ಅವಕಾಶ ಅಷ್ಟು ಹೆಚ್ಚು. ಮನೆಯಲ್ಲಿ ಬೈಯುತ್ತಾರೆಂದು ಎರಡು ದಿನ ಮುಚ್ಚಿಟ್ಟುಕೊಂಡರೆ ಹಣ ಎಲ್ಲಿಗೋ ಹೋಗಿರುತ್ತದೆ.

ಇಷ್ಟು ಹೊತ್ತೂ ಹುಡುಗರಿಗೆ ಹೇಳಿದೆ. ನಮ್ಮಂಥವರಿಗೂ ಒಂದೆರಡು ಮಾತು ಇದೆ, ಊರು ಬಿಟ್ಟು ಬೆಂಗಳೂರು ಸೇರಿ ಹಬ್ಬಕ್ಕೆ ಮಾತ್ರ ಬರುವವರಿಗೆ. ಈ ಮೆಸೇಜುಗಳನ್ನು ನೋಡಿಯೂ ನೋಡದಂತೆ ಬಿಡುವುದು ನಮಗೆ ಸುಲಭ. ಆದರೆ ಆ ಕಡೆ ಒಬ್ಬರು ನೀಲಿ ಗೆರೆಯನ್ನೇ ನೋಡುತ್ತಾ ಕೂತಿರುತ್ತಾರೆ. 'ಇದ್ರೆ ಹೇಳ್ತೀನಿ' ಎನ್ನುವುದು ಅದಕ್ಕಿಂತ ಕೆಟ್ಟದ್ದು. ಅದರಲ್ಲಿ ಇಲ್ಲ ಎನ್ನುವ ಧೈರ್ಯವೂ ಇಲ್ಲ, ಹೇಳುವ ಉದ್ದೇಶವೂ ಇಲ್ಲ. ನಾನು ಈಗೀಗ ಒಂದು ಉತ್ತರವನ್ನು ಫೋನಿನಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೇನೆ. ಬರೀ ಹಾಯ್ ಎಂದವರಿಗೂ ಅದನ್ನೇ ಕಳಿಸುತ್ತೇನೆ: ಏನು ಓದಿದ್ದೀರಿ, ಯಾವ ಕೆಲಸ ನೋಡುತ್ತಿದ್ದೀರಿ, ಎಲ್ಲಿಗೆ ಹೋಗಲು ತಯಾರಿದ್ದೀರಿ, ಇಷ್ಟು ಬರೆದು ರೆಸ್ಯೂಮೆ ಕಳಿಸಿ, ಆಗದಿದ್ದರೆ ಆಗುವುದಿಲ್ಲ ಎಂದೇ ಹೇಳುತ್ತೇನೆ. ಕೆಲವರು ಅಲ್ಲಿಗೆ ಮಾಯವಾಗುತ್ತಾರೆ. ಕೆಲವರು ಮಾತ್ರ ಅದೇ ಸಂಜೆ ನಾಲ್ಕು ಸಾಲು ಬರೆದು ಕಳಿಸುತ್ತಾರೆ. ಆ ನಾಲ್ಕು ಸಾಲು ಕೈಗೆ ಬಂದ ಮೇಲೆ ನನ್ನ ಕೆಲಸ ಶುರುವಾಗುತ್ತದೆ.